ಬ್ರೆಜಿಲ್‌ನಲ್ಲಿ ಕುಲಾಂತರಿ ಸೊಳ್ಳೆಯ ಪೆಟ್ಟಿಗೆಯನ್ನು ಬಳಸುವ ಕ್ರಮ

ಡೆಂಗಿ, ಜೀಕಾ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯನ್ನು ತಗ್ಗಿಸಲು ಬ್ರೆಜಿಲ್‌ನ ಜನರು ಆಕ್ಸಿಟೆಕ್ ಕಂಪನಿಯ ಕುಲಾಂತರಿ ಮೊಟ್ಟೆಗಳ ಪೆಟ್ಟಿಗೆಯನ್ನು ತಾವೇ ಬಳಸಬಹುದು. ಪೆಟ್ಟಿಗೆಯನ್ನು ಮನೆಯ ಹೊರಗೆ ನೆರಳಿರುವ ಕಡೆ ಇಟ್ಟು, ಸೂಚಿಸಿದಷ್ಟು ಶುದ್ಧ ನೀರನ್ನು ತುಂಬಿಸಬೇಕು.

ಮೊಟ್ಟೆಯೊಡೆದು ಬರುವ ಮರಿಹುಳುಗಳಲ್ಲಿ ಸೇರಿಸಿರುವ ಜೀನ್ ಹೆಣ್ಣುಗಳಿಗೆ ಮಾತ್ರ ಮಾರಕವಾಗಿದ್ದು, ಆ ಜೀನನ್ನು ತಡೆಯುವ ಟೆಟ್ರಾಸೈಕ್ಲಿನ್ ಔಷಧ ಸಿಗದ ಕಾರಣ ಅವು ನೀರಿನಲ್ಲಿಯೇ ಸಾಯುತ್ತವೆ; ರೆಕ್ಕೆ ಬಲಿತು ಹೊರಬರುವುದು ಗಂಡುಗಳು ಮಾತ್ರ. ಮಕರಂದ ಹೀರಿ ಬದುಕುವ ಈ ಗಂಡುಗಳು ಮನುಷ್ಯರನ್ನು ಕಚ್ಚುವುದಿಲ್ಲವಾದ್ದರಿಂದ ಪೆಟ್ಟಿಗೆಯ ಸುತ್ತ ಸೊಳ್ಳೆ ಹಾರಾಡಿದರೆ ಹೆದರಿ ಕೀಟನಾಶಕ ಸಿಂಪಡಿಸಬಾರದು. ಅವು ಊರಿನ ಹೆಣ್ಣು ಸೊಳ್ಳೆಗಳೊಡನೆ ಕೂಡಿದಾಗ ಹುಟ್ಟುವ ಹೆಣ್ಣುಮರಿಗಳೂ ಬೆಳೆಯುವ ಮುನ್ನವೇ ಸಾಯುತ್ತವೆ. ಗಂಡುಮರಿಗಳು ಜೀನನ್ನು ಮುಂದಕ್ಕೆ ಒಯ್ದರೂ ತಲೆಮಾರಿನಿಂದ ತಲೆಮಾರಿಗೆ ಅದು ಕ್ಷೀಣಿಸುವುದರಿಂದ, ಸೊಳ್ಳೆಯ ಕಾಲ ಮುಗಿಯುವವರೆಗೂ ಮೊಟ್ಟೆಗಳನ್ನು ನಿಯಮಿತವಾಗಿ ಬದಲಿಸಲೇಬೇಕು. ಅನೇಕರು ಇಲ್ಲಿಯೇ ಕೈಬಿಡುತ್ತಾರೆಂಬ ಆತಂಕ ನನ್ನದು.

ಬಿಟ್ಟ ಸೊಳ್ಳೆಯ ಸಂತತಿಯನ್ನು ಗುರುತಿಸಲು ತಜ್ಞರು ಮರಿಹುಳುವನ್ನು ವಿಶೇಷ ಬೆಳಕಿನ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಜೀನ್ ಇದ್ದರೆ ಅದರ ಮೈ ಕೆಂಪಗೆ ಹೊಳೆಯುತ್ತದೆ. ಪೆಟ್ಟಿಗೆಯ ಈ ವಿಧಾನ ಈಡಿಸ್ ಆಲ್ಬೊಪಿಕ್ಟಸ್ ಮೊದಲಾದ ಬೇರೆ ಸೊಳ್ಳೆಗಳಿಗೆ ತಟ್ಟದು. ಆದ್ದರಿಂದ ಹೂಕುಂಡದ ತಟ್ಟೆ, ಹಳೆಯ ಟೈರು, ಮುಚ್ಚಳವಿಲ್ಲದ ತೊಟ್ಟಿಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲುವುದನ್ನು ನಿಲ್ಲಿಸಬಾರದು.