ಮುತ್ತಜ್ಜನ ಹೆಸರು ಬಿಡಿ, ಹೊಲದ ನಂಬರು ಹಿಡಿಯಿರಿ

ಊರಲ್ಲಿ ಕೆಳಗಿನ ಬೀದಿಯವರ ಮನೆಯಲ್ಲಿ ಸಾವಾದಾಗಲೆಲ್ಲ ನಮ್ಮ ಮನೆಯಲ್ಲಿ ಒಂದೇ ಪ್ರಶ್ನೆ. ನಮಗೂ ಸೂತಕ ಇದೆಯಾ? ಅವರು ದಾಯಾದಿಗಳು ಅಂತ ಅಜ್ಜಿ. ಬರೀ ಒಂದೇ ಊರಿನವರು ಅಂತ ದೊಡ್ಡಪ್ಪ. ಇಬ್ಬರ ಹತ್ತಿರವೂ ಪುರಾವೆ ಇರಲಿಲ್ಲ. ಇಂಥ ಅನುಮಾನದ ನಂಟನ್ನು ಕಂದಾಯದ ಹಳೆ ದಾಖಲೆಗಳಿಂದ ಬಹುಮಟ್ಟಿಗೆ ಬಿಡಿಸಬಹುದು. ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವಲ್ಲೇ ಜನ ಎಡವುತ್ತಾರೆ. ನಾನೂ ಎಡವಿದವನೇ.

ಜನಗಣತಿಯಲ್ಲಿ ಹೆಸರು ಸಿಗೋದಿಲ್ಲ

ಮೈಸೂರು ಸೀಮೆಯಲ್ಲಿ 1871ರಲ್ಲೇ ಜನಗಣತಿ ಆಗಿದೆ. ಅಲ್ಲಿ ಮುತ್ತಜ್ಜನ ಹೆಸರು ಇರಲೇಬೇಕು ಅಂತ ನಾನು ಅಂದುಕೊಂಡಿದ್ದೆ. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಮೇಲೆ ಗಣತಿಯ ಹೆಸರುಗಳನ್ನು ಎಲ್ಲರಿಗೂ ತೆರೆದಿಡುತ್ತಾರೆ. 1921ರವು 2022ರಲ್ಲಿ ಸಿಕ್ಕವು. ನಮ್ಮಲ್ಲಿ ಹಾಗಿಲ್ಲ. ಎಣಿಕೆ ಮುಗಿದ ಮೇಲೆ ಮನೆಮನೆಯ ಪಟ್ಟಿ ಇಟ್ಟುಕೊಳ್ಳುವ ರೂಢಿ ಇಲ್ಲ. ಸಾಲದ್ದಕ್ಕೆ, ಆ ಪಟ್ಟಿಗಳನ್ನು ಯಾರೂ ನೋಡುವಂತಿಲ್ಲ ಅಂತ 1948ರ ಜನಗಣತಿ ಕಾಯ್ದೆಯೇ ಹೇಳುತ್ತದೆ.

ಹಾಗಂತ ಗಣತಿ ವರದಿಯನ್ನು ಪೂರ್ತಿ ಬಿಡಬೇಡಿ. 1871ರಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ನಡುವೆ 1876-78ರ ದೊಡ್ಡ ಬರ ಬಂದು ಹೋಗಿತ್ತು. ನಿಮ್ಮ ಮನೆತನದ ಎಳೆ ಆ ಹೊತ್ತಿಗೆ ಕಡಿದುಹೋದರೆ, ಒಂದು ಹೊಲ ಇದ್ದಕ್ಕಿದ್ದಂತೆ ಬೇರೆಯವರ ಹೆಸರಿಗೆ ಬಂದಿದ್ದರೆ, ಕಾರಣ ಇಲ್ಲಿರಬಹುದು. 1898ರ ನಂತರದ ಪ್ಲೇಗ್, 1918ರ ಇನ್‌ಫ್ಲುಯೆಂಜಾ ಕೂಡ ಹೀಗೆಯೇ. ಜಿಲ್ಲಾ ಗಣತಿ ಕೈಪಿಡಿಗಳಲ್ಲಿ ಹಳ್ಳಿವಾರು ಲೆಕ್ಕ ಇರುತ್ತದೆ. ಅಜ್ಜಿ ಹೇಳುವ 'ಹಳೇ ಊರು' ಈಗ ಬೇಚರಾಕ್ (ಜನವಸತಿ ಇಲ್ಲದ) ಗ್ರಾಮವೋ ಏನೋ, ಅಲ್ಲಿ ನೋಡಿಕೊಳ್ಳಿ.

ಸರ್ವೆ ನಂಬರಿನಿಂದ ಹಿಂದಕ್ಕೆ

ಮನುಷ್ಯರ ಹೆಸರು ಬದಲಾಗುತ್ತದೆ, ಮನೆ ಬದಲಾಗುತ್ತದೆ. ಹೊಲ ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಮನೆಯಲ್ಲಿ ಈಗಿರುವ ಪಹಣಿಯನ್ನು ಎದುರಿಗೆ ಇಟ್ಟುಕೊಳ್ಳಿ. ಜಮೀನು ಮಾರಿಹೋಗಿದ್ದರೂ ಚಿಂತೆ ಇಲ್ಲ. ಊರು, ಹೋಬಳಿ, ಸರ್ವೆ ನಂಬರ್ ಗೊತ್ತಿದ್ದರೆ ಸಾಕು.

ಪಹಣಿಯಲ್ಲಿ ಕಾಲಂ 9 ನೋಡಿ. ಅದು ಕಬ್ಜೆದಾರರ, ಅಂದರೆ ಜಮೀನು ಯಾರದ್ದೋ ಅವರ ಹೆಸರು. ಅದಕ್ಕಿಂತ ಮುಖ್ಯವಾದದ್ದು ಕಾಲಂ 10. ಜಮೀನು ಅವರಿಗೆ ಹೇಗೆ ಬಂತು ಅನ್ನೋದು ಅಲ್ಲಿರುತ್ತದೆ. ಎಂ.ಆರ್. ಅಂದರೆ ಮ್ಯುಟೇಶನ್ (ಹಕ್ಕು ಬದಲಾವಣೆ) ರಿಜಿಸ್ಟರಿನ ಸಂಖ್ಯೆ. ಐಎಚ್‌ಸಿ ಅಂತ ಇದ್ದರೆ ವಾರಸಿನಿಂದ ಬಂದದ್ದು. ಈ ಸಂಖ್ಯೆ ಮತ್ತು ವರ್ಷವನ್ನು ಬರೆದುಕೊಂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲಿಗಾಗಿ ಅರ್ಜಿ ಹಾಕಿ. ಪೌತಿ ಖಾತೆಯ (ಸತ್ತವರಿಂದ ವಾರಸುದಾರರಿಗೆ ಬದಲಾದ ಖಾತೆಯ) ನಕಲಿನಲ್ಲಿ ಸತ್ತವರು ಯಾರು, ವಾರಸುದಾರರು ಯಾರು ಎರಡೂ ಸಿಗುತ್ತವೆ. ಒಂದು ತಲೆಮಾರು ಹಿಂದಕ್ಕೆ ಹೋದಿರಿ ಅಂತ ಲೆಕ್ಕ.

ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ತಂತ್ರಾಂಶ ಬಂದದ್ದು 2000ದ ಹೊತ್ತಿಗೆ. ಅದಕ್ಕೂ ಹಿಂದಿನದೆಲ್ಲ ಕೈಬರಹ. ಕೈಬರಹದ ಪಹಣಿ ಬಹುತೇಕ ಕಡೆ 1960ರ ದಶಕದ ಕೊನೆಯವರೆಗೆ ಕರೆದುಕೊಂಡು ಹೋಗುತ್ತದೆ. ಅದರಾಚೆ ಹಳೆ ಮೈಸೂರಿನವರಾದರೆ ಐಎಲ್ ಮತ್ತು ಆರ್‌ಆರ್ ಪುಸ್ತಕ ಕೇಳಿ. ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಅಂತ ಪೂರ್ತಿ ಹೇಳಿದರೆ ಗುಮಾಸ್ತರೇ ಒಂದು ಕ್ಷಣ ತಡವರಿಸುತ್ತಾರೆ, ಐಎಲ್ ಆರ್‌ಆರ್ ಅಂತಲೇ ಅನ್ನಿ. ನನಗೆ ಒಂದು ಕಡೆ 'ಪುಸ್ತಕ ಗೆದ್ದಲು ತಿಂದಿದೆ' ಅಂದರು. ಮೂರನೇ ಸಲ ಹೋದಾಗ ಅದೇ ಪುಸ್ತಕ ಬೀರುವಿನ ಮೇಲಿತ್ತು. ಸುಮ್ನೆ ವಾಪಸ್ ಬರಬೇಡಿ.

ಬಿನ್, ಕೋಂ, ಅ.ಪಾ.ಕ.

ಹಳೆ ದಾಖಲೆಯಲ್ಲಿ ನಂಟಿನ ಮಾತು ಬಲು ಚಿಕ್ಕದು. ಬಿನ್ ಅಂದರೆ ಇಂಥವರ ಮಗ. ಕೋಂ ಅಂದರೆ ಹೆಂಡತಿ. ಮುಂಬೈ ಸೀಮೆಯ (ಧಾರವಾಡ, ಬೆಳಗಾವಿ ಕಡೆಯ) ಡೈರಿಗಳಲ್ಲಿ, ಅಂದರೆ ಹಕ್ಕು ಬದಲಾವಣೆಯ ಪುಸ್ತಕಗಳಲ್ಲಿ, ಅ.ಪಾ.ಕ. ಅಂತ ಕಂಡರೆ ಅಜ್ಞಾನ ಪಾಲನಕರ್ತ. ಇಲ್ಲಿ ಅಜ್ಞಾನ ಅಂದರೆ ದಡ್ಡ ಅಂತಲ್ಲ, ಇನ್ನೂ ವಯಸ್ಸಿಗೆ ಬಾರದ ಮಗು. ಇದು ಚಿನ್ನದಂಥ ಸುಳಿವು. ಆ ವರ್ಷ ಅಪ್ಪ ಇಲ್ಲ, ಮಗ ಇನ್ನೂ ಚಿಕ್ಕವನು ಅನ್ನೋದು ಒಂದೇ ಏಟಿಗೆ ಗೊತ್ತಾಯಿತು, ಅಲ್ವಾ? ಪಾಲಕರು ಯಾರು ಅಂತಲೂ ನೋಡಿ. ತಾಯಿಯ ಬದಲು ಬೇರೆ ಗಂಡಸಿನ ಹೆಸರಿದ್ದರೆ ಆತ ಚಿಕ್ಕಪ್ಪನೋ ಸೋದರಮಾವನೋ ಆಗಿರುವ ಸಾಧ್ಯತೆ ಜಾಸ್ತಿ.

ಪಾಲಿನ ಲೆಕ್ಕವೇ ವಂಶವೃಕ್ಷ

ನನಗೆ ಅತಿ ಇಷ್ಟವಾದ ಹಂತ ಇದು. ಒಂದು ಸರ್ವೆ ನಂಬರು ಹಿಸ್ಸೆಯಾದಾಗ (ಪಾಲಾದಾಗ) ವಿಸ್ತೀರ್ಣವೇ ಮನೆತನದ ಕತೆ ಹೇಳುತ್ತದೆ. ಉದಾಹರಣೆಗೆ ಸರ್ವೆ ನಂಬರ್ 42, ಒಟ್ಟು 6 ಎಕರೆ 12 ಗುಂಟೆ ಅಂತ ಇಟ್ಟುಕೊಳ್ಳಿ. ಎಕರೆಗೆ 40 ಗುಂಟೆ. ಅಂದರೆ 252 ಗುಂಟೆ. ಮೂರು ಹಿಸ್ಸೆ ಆಗಿ, ಪ್ರತಿಯೊಂದೂ 2 ಎಕರೆ 4 ಗುಂಟೆ ಇದ್ದರೆ ಮೂವರು ಅಣ್ಣತಮ್ಮಂದಿರು ಅಂತ ಊಹಿಸಬಹುದು. ಅದರ ಬದಲು ಒಂದು 3 ಎಕರೆ 6 ಗುಂಟೆ, ಇನ್ನೆರಡು ತಲಾ 1 ಎಕರೆ 23 ಗುಂಟೆ ಇದ್ದರೆ? ಅರ್ಧ, ಕಾಲು, ಕಾಲು. ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಇದ್ದಾನೆ, ಇನ್ನೊಬ್ಬ ತೀರಿಕೊಂಡು ಅವನ ಇಬ್ಬರು ಮಕ್ಕಳು ಅಪ್ಪನ ಪಾಲು ಹಂಚಿಕೊಂಡಿದ್ದಾರೆ.

ಇಷ್ಟಕ್ಕೇ ಕುಣಿದಾಡಬೇಡಿ. ಅರ್ಧ ಹೊಲ ಕ್ರಯಕ್ಕೆ ಹೋಗಿದ್ದರೂ ಲೆಕ್ಕ ಹೀಗೇ ಕಾಣಬಹುದು. ಕಾಲಂ 10ರಲ್ಲಿ ವಿಭಾಗ ಅಂತ ಇದೆಯೋ ಕ್ರಯ ಅಂತ ಇದೆಯೋ ನೋಡಿ. ನೋಂದಣಿಯಾದ ಪಾಲುಪಟ್ಟಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಮೂಲಪುರುಷನಿಂದ ಹಿಡಿದು ಯಾರ ಮಕ್ಕಳು ಯಾರು ಅಂತ ಅದರಲ್ಲೇ ಬರೆದಿರುವುದುಂಟು. ಪಾಲಿನ ದಾವೆ ಹೂಡಿದ ಮನೆಯವರಿಗಂತೂ ಕೋರ್ಟಿನ ಕಾಗದದಲ್ಲಿ ವಂಶಾವಳಿ ತಯಾರಾಗಿಯೇ ಇರುತ್ತದೆ. ಜಗಳದಿಂದಲೂ ಒಂದು ಉಪಯೋಗ.

ಒಂದೇ ಹೆಸರಿನ ಇಬ್ಬರು

ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ರೂಢಿ. ಹಾಗಾಗಿ ಬಸಪ್ಪ ಬಿನ್ ಮಲ್ಲಪ್ಪ, ಮಲ್ಲಪ್ಪ ಬಿನ್ ಬಸಪ್ಪ, ಮತ್ತೆ ಬಸಪ್ಪ ಬಿನ್ ಮಲ್ಲಪ್ಪ ಅಂತ ಸುತ್ತುತ್ತಲೇ ಇರುತ್ತದೆ. ಇದೇ ಊರಿನಲ್ಲಿ ಬೇರೆ ಬೆಡಗಿನ (ಕುಲದ ಒಳಪಂಗಡದ) ಇನ್ನೊಬ್ಬ ಮಲ್ಲಪ್ಪ ಇದ್ದರೆ ಮುಗಿಯಿತು. ನಾನು ಎರಡು ತಿಂಗಳು ಅಂಥ ಒಬ್ಬರ ಹಿಂದೆ ಬಿದ್ದಿದ್ದೆ. ಕೊನೆಗೆ ನೋಡಿದರೆ ಅವರ ಮನೆಗೆ ನಮ್ಮ ಮನೆಯ ಹೆಣ್ಣನ್ನೇ ಕೊಟ್ಟಿದ್ದರು. ಒಂದೇ ಬೆಡಗಿನಲ್ಲಿ ಹೆಣ್ಣು ಕೊಡುವುದಿಲ್ಲವಲ್ಲ. ಅಂದರೆ ಅವರು ದಾಯಾದಿಗಳಲ್ಲ, ಬೀಗರು.

ಈ ಗೊಂದಲ ಬಿಡಿಸಲು ಚೆಕ್ಕುಬಂದಿ ನೋಡಿ. ಪೂರ್ವಕ್ಕೆ, ಪಶ್ಚಿಮಕ್ಕೆ ಯಾರ ಹೊಲ ಅಂತ ಪತ್ರದಲ್ಲಿ ಬರೆದಿರುತ್ತಾರೆ. ಅಣ್ಣತಮ್ಮಂದಿರ ಪಾಲು ಸಾಮಾನ್ಯವಾಗಿ ಒತ್ತಿಕೊಂಡೇ ಇರುತ್ತದೆ. ಹೆಸರು, ವರ್ಷ, ಒತ್ತಿನ ಹೊಲ ಮೂರೂ ತಾಳೆಯಾದರೆ ಮಾತ್ರ ನಾನು ಗೆರೆ ಎಳೆಯುತ್ತೇನೆ. ಎರಡೇ ತಾಳೆಯಾದರೆ ಪೆನ್ಸಿಲ್ ಗೆರೆ.

ನಿಮ್ಮದು ಯಾವ ಸೀಮೆ?

ಕಲಬುರಗಿ, ಬೀದರ್ ಕಡೆಯವರಿಗೆ ನಿಜಾಮರ ಕಾಲದ ಉರ್ದು ಕಾಗದ ಎದುರಾಗುತ್ತದೆ. ವರ್ಷ ಫಸಲಿಯಲ್ಲಿ, ಅಂದರೆ ಕಂದಾಯದ ಹಳೆ ವರ್ಷದ ಎಣಿಕೆಯಲ್ಲಿ ಇರುತ್ತದೆ. ಅದಕ್ಕೆ 590 ಕೂಡಿಸಿ. ಫಸಲಿ 1350 ಅಂದರೆ 1940-41. ಧಾರವಾಡ, ಬೆಳಗಾವಿ ಕಡೆ ಮೋಡಿ ಲಿಪಿ (ಮರಾಠಿಯ ಹಳೆ ಕೂಡುಬರಹ) ಓದುವವರು ಬೇಕಾದೀತು.

ತುಳುನಾಡಿನವರು ಮಾತ್ರ ಬೇರೆಯೇ ಕಣ್ಣಿನಿಂದ ನೋಡಬೇಕು. ಅಳಿಯಸಂತಾನದ ಮನೆಗಳಲ್ಲಿ ಯಜಮಾನನ ನಂತರದ ಹೆಸರು ಮಗನದ್ದಲ್ಲ, ತಮ್ಮನದ್ದೋ ಅಕ್ಕತಂಗಿಯ ಮಗನದ್ದೋ ಆಗಿರುತ್ತದೆ. ಇದು ಗೊತ್ತಿಲ್ಲದೆ ಮಾವನನ್ನು ಅಪ್ಪ ಅಂತ ಬರೆದುಬಿಟ್ಟರೆ ಇಡೀ ವೃಕ್ಷವೇ ತಲೆಕೆಳಗು.

ಉತ್ತರ ಕರ್ನಾಟಕದವರಿಗೆ ಇನ್ನೊಂದು ಭಾಗ್ಯ ಇದೆ. ಹೆಳವರು. ಎತ್ತಿನೊಂದಿಗೆ ಊರೂರು ಸುತ್ತಿ, ಮನೆತನದ ಹೆಸರುಗಳನ್ನು ಓದಿ ಹೇಳುವವರು. ಕಂದಾಯದ ಪುಸ್ತಕದಲ್ಲಿ ಹೊಲ ಇಲ್ಲದವರ ಹೆಸರು ಇರುವುದಿಲ್ಲ. ಬೇರೆ ಊರಿಗೆ ಹೋದ ತಮ್ಮನ ಸುದ್ದಿಯೂ ಇರುವುದಿಲ್ಲ. ಅಂಥವರ ಸುದ್ದಿ ಇವರ ಪುಸ್ತಕದಲ್ಲಿ ಸಿಕ್ಕೀತು. ಮುಂದಿನ ಸಲ ನಿಮ್ಮ ಓಣಿಗೆ ಬಂದಾಗ ಕಾಳು ಕೊಟ್ಟು ಕಳಿಸುವ ಮೊದಲು ಕೂರಿಸಿಕೊಂಡು, ನಿಮ್ಮ ಪೆನ್ಸಿಲ್ ಗೆರೆಗಳನ್ನು ಒಂದೊಂದಾಗಿ ಓದಿಸಿ ನೋಡಿ.