ಗಬ್ಬ ನಿಂತರೆ ಮಾತ್ರ ದುಡ್ಡು: ನನ್ನ ಅನುಭವ

"ಹಸು ಗಬ್ಬ ನಿಂತ ಮೇಲೆ ದುಡ್ಡು ಕೊಡಿ, ನಿಲ್ಲದಿದ್ದರೆ ಬೇಡ" ಅಂತ ನಾನು ಹಳ್ಳಿಗಳಲ್ಲಿ ಹೇಳೋಕೆ ಶುರು ಮಾಡಿದಾಗ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ ನಮ್ಮ ಕಸುಬಿನವರೇ ಬೈದರು. "ಆರು ತಿಂಗಳಲ್ಲಿ ಬೈಕ್ ಮಾರ್ತೀಯ ನೋಡು" ಅಂದರು. ಮೂರು ವರ್ಷ ಆಯಿತು. ಬೈಕ್ ಇದೆ, ಜೊತೆಗೆ ಒಬ್ಬ ಹುಡುಗನಿಗೆ ತಿಂಗಳ ಸಂಬಳ ಕೊಡುತ್ತಿದ್ದೇನೆ. ಹೇಗೆ ಅಂತ ಸುಮಾರು ಜನ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ನನ್ನ ಮನೆ ಯಲಹಂಕದಲ್ಲಿ. ಕೆಲಸ ಹೆಸರಘಟ್ಟದಿಂದ ದೊಡ್ಡಬಳ್ಳಾಪುರದವರೆಗಿನ ಹಳ್ಳಿಗಳಲ್ಲಿ. ಮೈತ್ರಿ ಅನ್ನೋ ಸರ್ಕಾರದ ಕೃತಕ ಗರ್ಭಧಾರಣೆ ತರಬೇತಿ ಮುಗಿಸಿದವನು. ಸೀಮೆ ಹಸುಗಳೇ ಜಾಸ್ತಿ, ಮನೆಗೆ ಎರಡು ಮೂರು. ಹದಿನೈದು ದಿನಕ್ಕೊಮ್ಮೆ ಡೈರಿಯಲ್ಲಿ ಆಗುವ ಬಟವಾಡೆ ಮೇಲೇ ಮನೆ ನಡೆಯುತ್ತದೆ.

ಮೊದಲು ನಾನೂ ಎಲ್ಲರ ಹಾಗೇ ಹಸು ಸಾಕುವವರಿಗೆ ತರಬೇತಿ ಮಾಡಿದೆ. ಸಮುದಾಯ ಭವನ, ಪ್ರೊಜೆಕ್ಟರ್, ಮಧ್ಯಾಹ್ನ ಬಿಸಿಬೇಳೆ ಬಾತ್. ಎರಡು ಬ್ಯಾಚ್‌ಗೆ ಸುಮಾರು 70 ಸಾವಿರ ಹೋಯಿತು. ಬಂದವರೆಲ್ಲ ಗಂಡಸರು. ಹಾಲು ಕರೆಯುವವರು, ಸಗಣಿ ಬಾಚುವವರು, ಹಸು ಬೆದೆಗೆ ಬಂದಾಗ (ಅಂದರೆ ಗಬ್ಬ ನಿಲ್ಲೋಕೆ ಸಿದ್ಧವಾದಾಗ) ಬಾಲಕ್ಕೆ ಅಂಟುವ ಲೋಳೆಯನ್ನು ಮೊದಲು ನೋಡುವವರು ಮನೆಯಲ್ಲೇ ಉಳಿದಿದ್ದರು. ಮೂರು ತಿಂಗಳಾದ ಮೇಲೆ ಹೋಗಿ ನೋಡಿದರೆ ಒಂದು ಕೊಟ್ಟಿಗೆಯಲ್ಲೂ ಏನೂ ಬದಲಾಗಿರಲಿಲ್ಲ.

ಒಂದು ದಿನ ಒಬ್ಬ ಅಕ್ಕ ಹಾಲು ಕರೆಯುತ್ತಲೇ ಹೇಳಿದರು: "ಡಾಕ್ಟ್ರೇ, ರಾತ್ರಿ ಒಂಬತ್ತಕ್ಕೆ ಹಸು ಒದರ್ತಾ ಇತ್ತು. ಬೆಳಗ್ಗೆ ನಮ್ಮೆಜಮಾನ್ರು ಎದ್ದು ನೋಡೋ ಹೊತ್ತಿಗೆ ಸುಮ್ನೆ ನಿಂತಿತ್ತು. ಬೆದೆ ಇಲ್ಲ ಅಂತ ನಿಮಗೆ ಫೋನೇ ಮಾಡ್ಲಿಲ್ಲ." ನಾನು ಡಾಕ್ಟರ್ ಅಲ್ಲ, ಆದರೆ ಎಲ್ಲರೂ ಹಾಗೇ ಕರೆಯುತ್ತಾರೆ. ಆ ಮಾತು ಕೇಳಿ ನಾನು ಅಲ್ಲೇ ಲೆಕ್ಕ ಹಾಕಿದೆ. ಒಂದು ಬೆದೆ ತಪ್ಪಿದರೆ 21 ದಿನ ಕಾಯಬೇಕು. ಹಿಂಡಿ, ಬೂಸಾ, ಮೇವು ಸೇರಿ ದಿನಕ್ಕೆ 180 ರೂಪಾಯಿ ಹಿಡಿದರೂ ಹತ್ತಿರ ಹತ್ತಿರ 3,800. ಆ ಮನೆಯಲ್ಲಿ ಎರಡು ಹಸುವಿನಿಂದ ವರ್ಷಕ್ಕೆ ಐದಾರು ಬೆದೆ ತಪ್ಪುತ್ತಿತ್ತು. ಹಾಲಿನ ರೇಟು ಒಂದು ರೂಪಾಯಿ ಇಳಿದರೆ ನಾವೆಲ್ಲ ಕೂಗಾಡುತ್ತೇವೆ. ಈ ದುಡ್ಡು ಹೋಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ಸಭಾಂಗಣ ಬಿಟ್ಟೆ. ಬೆಳಗಿನ ಜಾವ ಐದೂವರೆಗೆ, ಕರೆಯುವ ಹೊತ್ತಿಗೆ, ಒಂದು ಕೊಟ್ಟಿಗೆಯಲ್ಲಿ ನಾಲ್ಕೈದು ಹೆಂಗಸರು. ಮುಕ್ಕಾಲು ಗಂಟೆ, ಅಷ್ಟೇ. ಗೋಡೆಗೆ ಪೇಂಟಲ್ಲಿ ಕ್ಯಾಲೆಂಡರ್ ಬರೆಸಿದೆ. ಬೆದೆಗೆ ಬಂದ ದಿನಕ್ಕೆ ಕುಂಕುಮದ ಬೊಟ್ಟು. ಅಲ್ಲಿಂದ 18ರಿಂದ 24ನೇ ದಿನದವರೆಗೆ ಸುಣ್ಣದ ಗೆರೆ. ಆ ಏಳು ದಿನ ರಾತ್ರಿ ಊಟ ಆದ ಮೇಲೆ ಒಮ್ಮೆ, ಕರೆಯೋ ಮುಂಚೆ ಒಮ್ಮೆ ಟಾರ್ಚ್ ಹಿಡಿದು ನೋಡಬೇಕು. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಗ್ಗೆ ನಾನು ಬರುತ್ತೇನೆ. ಈ ಲೆಕ್ಕ ನಮ್ಮ ಕಸುಬಿನವರಿಗೆಲ್ಲ ಗೊತ್ತು. ಫೋನ್ ಮಾಡುವವರು ಮನೆ ಹೆಂಗಸರು ಆದ ಮೇಲೆ ನಾನು ಸರಿಯಾದ ಹೊತ್ತಿಗೆ ತಲುಪೋಕೆ ಶುರುವಾಯಿತು.

ಮೂಕ ಬೆದೆಯ, ಅಂದರೆ ಬೆದೆಗೆ ಬಂದರೂ ಗುರುತು ತೋರಿಸದ ಹಸುಗಳಿಗೆ ಒಂದು ಉಪಾಯ ಮಾಡುತ್ತೇನೆ. ಔಷಧಿ ಅಲ್ಲ, ಖರ್ಚೂ ಇಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದು. ಕೊಟ್ಟಿಗೆಗೆ ಬಂದವರಿಗೆ ತೋರಿಸುತ್ತೇನೆ.

ದುಡ್ಡಿನ ವಿಷಯ. ಮೊದಲು ಪ್ರತಿ ಸಲಕ್ಕೆ 250 ತೆಗೆದುಕೊಳ್ಳುತ್ತಿದ್ದೆ. ಈಗ ಎರಡು ತಿಂಗಳು ದಾಟಿದ ಮೇಲೆ ಕೈ ಹಾಕಿ ಪರೀಕ್ಷೆ ಮಾಡಿ, ಗಬ್ಬ ಆಗಿದ್ದರೆ 800, ಬಟವಾಡೆ ದಿನ. ಆಗಿಲ್ಲದಿದ್ದರೆ ಒಂದು ಪೈಸೆ ಇಲ್ಲ. ಮೊದಲ ಸಲಕ್ಕೇ ನಿಲ್ಲುತ್ತಿದ್ದದ್ದು ನೂರಕ್ಕೆ 35ರ ಆಸುಪಾಸು. ಈಗ 50 ದಾಟಿದೆ. ಮೊದಲ ನಾಲ್ಕು ತಿಂಗಳು ಪೆಟ್ರೋಲಿಗೂ ಕೈಸಾಲ ಮಾಡಿದ್ದೆ, ಅದು ನಿಜ.

ದೊಡ್ಡ ಪೆಟ್ಟು ಬಿದ್ದದ್ದು ಎರಡನೇ ಬೇಸಿಗೆಯಲ್ಲಿ. ವೀರ್ಯ ತುಂಬಿದ ಸ್ಟ್ರಾಗಳನ್ನು ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿಡುವ ಕಂಟೇನರಿನ ಬಿರಡೆ ಸರಿಯಾಗಿ ಕೂತಿರಲಿಲ್ಲ. ನೈಟ್ರೋಜನ್ ಇಳಿದು ಸ್ಟ್ರಾಗಳು ಮೇಲೆ ಒಣಗಿ ನಿಂತಿದ್ದವು. ನನಗೆ ಗೊತ್ತಾಗಲಿಲ್ಲ. ಹಬ್ಬದ ಓಡಾಟದಲ್ಲಿ ಎರಡು ವಾರ ನೈಟ್ರೋಜನ್ ಎಷ್ಟಿದೆ ಅಂತ ಕಡ್ಡಿ ಇಳಿಸಿ ನೋಡಿರಲಿಲ್ಲ. ಅಷ್ಟರಲ್ಲಿ ಮೂವತ್ತು ಚಿಲ್ಲರೆ ಹಸುಗಳಿಗೆ ಸತ್ತ ವೀರ್ಯ ಹಾಕಿದ್ದೆ. ಮೂರು ವಾರ ಆದ ಮೇಲೆ ಒಂದರ ಹಿಂದೆ ಒಂದು ಫೋನ್: "ಮತ್ತೆ ಬೆದೆಗೆ ಬಂದಿದೆ." ನಾನು ಮನೆಮನೆಗೆ ಹೋಗಿ ತಪ್ಪು ನನ್ನದೇ ಅಂತ ಹೇಳಿದೆ. ದುಡ್ಡು ಮೊದಲೇ ತೆಗೆದುಕೊಂಡಿರಲಿಲ್ಲ, ಆದರೆ 21 ದಿನದ ಹಿಂಡಿ ಅವರದ್ದು ಹೋಗಿತ್ತಲ್ವಾ. ತಲಾ ಒಂದು ಕೆಜಿ ಖನಿಜ ಮಿಶ್ರಣ ಕೊಟ್ಟೆ. ಎಲ್ಲ ಸೇರಿ ಹನ್ನೆರಡು ಸಾವಿರದ ಹತ್ತಿರ ಆಯಿತು. ಇಬ್ಬರು ಬಿಟ್ಟು ಮಿಕ್ಕವರೆಲ್ಲ ಮತ್ತೆ ನನ್ನನ್ನೇ ಕರೆದರು.

ನಡುವೆ ಅಜೋಲಾ (ನೀರಲ್ಲಿ ಬೆಳೆಸಿ ಹಸುವಿಗೆ ಮೇವಾಗಿ ಕೊಡುವ ಪುಟ್ಟ ಗಿಡ) ಹುಚ್ಚೂ ಹಿಡಿದಿತ್ತು. ಆರು ಮನೆಯಲ್ಲಿ ಗುಂಡಿ ತೋಡಿಸಿ ಶೀಟ್ ಹಾಸಿದೆವು. ಏಪ್ರಿಲ್ ಬಿಸಿಲಿಗೆ ಬೆಂದು ಹೋಯಿತು. ನೀರಿನ ಪ್ರಯೋಗ ಮಾತ್ರ ಗೆದ್ದಿತು. ದಿನಕ್ಕೆ ಎರಡು ಸಲ ಬಕೆಟ್ ಇಡುವ ಬದಲು, ಪ್ಲಾಸ್ಟಿಕ್ ಡ್ರಮ್ ಅರ್ಧ ಸೀಳಿಸಿ ಗೋದಲಿ ಪಕ್ಕ ಇಟ್ಟು ಇಪ್ಪತ್ತನಾಲ್ಕು ಗಂಟೆ ನೀರು ಬಿಟ್ಟೆವು. ಖರ್ಚು 600. ಹತ್ತು ಲೀಟರ್ ಕೊಡುತ್ತಿದ್ದ ಹಸು ವಾರದೊಳಗೆ ಹತ್ತಿರ ಹತ್ತಿರ ಹನ್ನೊಂದಕ್ಕೆ ಬಂತು. ಹಾಲಲ್ಲಿ ನೂರಕ್ಕೆ 87 ಭಾಗ ನೀರೇ ಅಂತ ನಾವು ತರಬೇತಿಯಲ್ಲಿ ಹೇಳುತ್ತಿದ್ದೆವು, ಕೊಟ್ಟಿಗೆಯಲ್ಲಿ ಸಾಕಷ್ಟು ನೀರೇ ಇಡುತ್ತಿರಲಿಲ್ಲ.

ಆ ಅಕ್ಕನ ಮನೆಯಲ್ಲಿ ಕರುವಿಂದ ಕರುವಿಗೆ 17 ತಿಂಗಳು ಆಗುತ್ತಿತ್ತು. ಈಗ ಹದಿಮೂರೂವರೆ, ಹದಿನಾಲ್ಕು. ಹಾಲಿಗೆ ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬಿಟ್ಟು, ವರ್ಷಕ್ಕೆ ಸುಮಾರು 35 ಸಾವಿರ ಜಾಸ್ತಿ ಸಿಕ್ಕಿತು ಅಂತ ಅವರೇ ಪಾಸ್‌ಬುಕ್ ತೆಗೆದು ತೋರಿಸಿದರು. ಮಗಳ ಪಿಯುಸಿ ಫೀಸು ಅದರಲ್ಲೇ ಕಟ್ಟಿದ್ದಾರೆ. ಗೋಡೆ ಕ್ಯಾಲೆಂಡರಿನ ಗೆರೆ ಈಗ ಆ ಹುಡುಗಿಯೇ ಎಳೆಯುತ್ತಾಳೆ.

ಈಗ ಒಂಬತ್ತು ಊರು, ಇನ್ನೂರು ದಾಟಿದ ರಾಸುಗಳು. ಕಂಟೇನರ್ ಎರಡು ಇಟ್ಟಿದ್ದೇನೆ. ಸೋಮವಾರ ಒಮ್ಮೆ, ಗುರುವಾರ ಒಮ್ಮೆ ಮರದ ಕಡ್ಡಿ ಇಳಿಸಿ, ಹಿಮ ಕಟ್ಟಿದ ಗೆರೆ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ಆ ಕೆಲಸ ಹುಡುಗನಿಗೆ ಬಿಟ್ಟಿಲ್ಲ.