ಕಿಡೆಪೋಗೆ ಗಾಡಿ ಕಟ್ಟಿದ್ದು

ಉಗಾಂಡಾದ ರಾಜಧಾನಿ ಕಂಪಾಲಾದಿಂದ ಕಿಡೆಪೋ ಕಾಡು ಸುಮಾರು 570 ಕಿಲೋಮೀಟರ್ ಅಂದಾಗ ಹುಬ್ಬಳ್ಳಿಯಿಂದ ಭಾವ ಫೋನಿನಲ್ಲೇ ನಕ್ಕರು. "ಬೆಂಗಳೂರಿಂದ ಗೋವಾಕ್ಕೆ ಹೋದಂಗಾತು. ಮುಂಜಾನೆ ಬಿಟ್ರ ಸಂಜಿ ಚಹಾಕ್ಕ ಅಲ್ಲಿರ್ತೀವಲ್ಲೋ!" ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಹಾಗೇ ಲೆಕ್ಕ ಹಾಕುತ್ತಿದ್ದೆ. ಈಗ ಹಾಕುವುದಿಲ್ಲ.

ಕಿಡೆಪೋ ಉಗಾಂಡಾದ ಈಶಾನ್ಯ ಮೂಲೆ. 1,442 ಚದರ ಕಿಲೋಮೀಟರಿನ ಈ ರಾಷ್ಟ್ರೀಯ ಉದ್ಯಾನದಿಂದ ಆಚೆ ದಕ್ಷಿಣ ಸುಡಾನ್, ಪಕ್ಕದಲ್ಲೇ ಕೆನ್ಯಾ. ಕಂಪಾಲಾದಿಂದ ಗುಲು, ಗುಲುವಿನಿಂದ ಕಿಟ್ಗುಮ್ ತನಕ ಡಾಂಬರು ಇದೆ, ತೊಂದರೆಯಿಲ್ಲ. ಕಿಟ್ಗುಮ್ ದಾಟಿದ ಮೇಲಿನ ಸುಮಾರು 140 ಕಿಲೋಮೀಟರ್ ಕೆಂಪು ಮುರಂ ರಸ್ತೆ. ಇಲ್ಲಿಯವರೂ ಅದನ್ನು ಮುರಂ ಅಂತಲೇ ಕರೆಯುತ್ತಾರೆ. ನನ್ನ ತಯಾರಿಯೆಲ್ಲ ಆ ತುಣುಕಿನ ಸುತ್ತಲೇ ನಡೆಯಿತು.

ಮೊದಲು ಬದಲಿಸಿದ್ದು ತಿಂಗಳನ್ನು. ಅಕ್ಕ-ಭಾವ ಆಗಸ್ಟ್ ಅಂದಿದ್ದರು. ಅದು ಅಲ್ಲಿ ಮಳೆಗಾಲ. ಒಣಗಿ ಬರೀ ಮರಳಾಗಿರುವ ಹಳ್ಳಗಳು ಒಂದೇ ಮಳೆಗೆ ತುಂಬಿ ರಸ್ತೆ ನಿಂತುಬಿಡುತ್ತದೆ. ಹಾಗಾಗಿ 2023ರ ಜನವರಿಗೆ ತಳ್ಳಿದೆ. ಮಳೆಯಿಲ್ಲದ ಆ ದಿನಗಳಲ್ಲಿ ಪ್ರಾಣಿಗಳೂ ಉದ್ಯಾನದ ನಾರುಸ್ ಕಣಿವೆಯ ನೀರಿನ ಹತ್ತಿರ ಸೇರುತ್ತವೆ, ಎರಡೂ ಲಾಭ.

ವಿಮಾನವನ್ನೂ ನೋಡಿದೆ. ಕಂಪಾಲಾ ಹತ್ತಿರದ ಎಂಟೆಬೆಯಿಂದ ಉದ್ಯಾನದ ಒಳಗಿನ ಅಪೋಕಾದ ಮಣ್ಣಿನ ಏರ್‌ಸ್ಟ್ರಿಪ್‌ಗೆ ಪುಟ್ಟ ವಿಮಾನ ಹೋಗುತ್ತದೆ. ತಲೆಗೆ 15 ಕಿಲೋ ಸಾಮಾನು, ಅದೂ ಮೆತ್ತನೆ ಚೀಲದಲ್ಲೇ. ಅಕ್ಕ ತರುವ ಕಟಕರೊಟ್ಟಿ, ಶೇಂಗಾ ಚಟ್ನಿಯೇ ಐದು ಕಿಲೋ ಇರುತ್ತದೆ! ಇಳಿದ ಮೇಲೂ ಕಾಡು ಸುತ್ತಲು ಗಾಡಿ ಬೇಕೇ ಬೇಕು. ನಾಲ್ವರ ಟಿಕೆಟ್ ದುಡ್ಡಿಗಿಂತ ಡ್ರೈವರ್ ಸಮೇತ ಐದು ದಿನದ ಬಾಡಿಗೆ ಎಷ್ಟೋ ಕಡಿಮೆ ಬಿತ್ತು.

ಮೊರೊಟೊ, ಕೊಟಿಡೊ ಮೇಲೆ ಹೋಗುವ ಪೂರ್ವದ ದಾರಿಯೂ ಇದೆ. ಹೋಗುವಾಗ ಒಂದು, ಬರುವಾಗ ಒಂದು ಅಂತ ಆಸೆಯಿತ್ತು. ಆದರೆ ಆಗ ಆ ಭಾಗದಲ್ಲಿ ದನ ಕದ್ದು ಹೊಡೆದುಕೊಂಡು ಹೋಗುವವರ ಗಲಾಟೆ ಜಾಸ್ತಿಯಾಗಿತ್ತು. ಸುಮ್ನೆ ಯಾಕೆ ಅಂತ ಬಿಟ್ಟೆ.

ಡೀಸೆಲ್ ಲೆಕ್ಕ ಹೀಗೆ. ಕಿಟ್ಗುಮ್‌ನಿಂದ ಹೋಗಲು 140, ಬರಲು 140, ಒಳಗೆ ಸುತ್ತಲು 150. ಒಟ್ಟು 430 ಕಿಲೋಮೀಟರ್. ಲೀಟರಿಗೆ ಐದು ಕಿಲೋಮೀಟರ್ ಅಂತ ಹಿಡಿದರೆ 86 ಲೀಟರ್. ನಮ್ಮ ಬಾಡಿಗೆ ಗಾಡಿ ಪ್ರಾಡೊದ ಟ್ಯಾಂಕೂ ಹೆಚ್ಚುಕಮ್ಮಿ ಅಷ್ಟೇ. ಒಳಗೆ ಬಂಕ್ ಇದೆ ಅಂತ ನಂಬಿಕೊಂಡು ಹೋಗುವ ಜಾಗವಲ್ಲ ಅದು. ಅದಕ್ಕೇ 20 ಲೀಟರಿನ ಒಂದು ಜೆರ್ರಿಕ್ಯಾನ್ ಜೊತೆಗಿಟ್ಟೆ.

ಗಾಡಿ ಬಂದ ದಿನ ಹಿಂದಿನ ಬಾಗಿಲು ತೆಗೆಸಿ ಎಲ್ಲ ಕೆಳಗಿಳಿಸಿದೆ. ಜಾಕ್ ಇತ್ತು, ಅದನ್ನು ತಿರುಗಿಸುವ ಹಿಡಿಕೆ ಇರಲಿಲ್ಲ. ಬಾಡಿಗೆಯವರು "ಅದೇನೂ ಬೇಕಾಗಲ್ಲ ಬಾಸ್" ಅಂದರು. ತರಿಸಿಕೊಂಡೇ ಬಿಟ್ಟೆ. ಸ್ಟೆಪ್ನಿಯ ಗಾಳಿ ಮಾತ್ರ ನೋಡಲಿಲ್ಲ. ಬರೀ ಕೈಯಲ್ಲಿ ತಟ್ಟಿ ಸರಿಯಿದೆ ಅಂದುಕೊಂಡೆ.

ಮೊದಲ ದಿನ ಆರಾಮ. ಕರುಮಾದಲ್ಲಿ ಸೇತುವೆ ಕೆಳಗೆ ನೈಲ್ ನೊರೆ ಕಟ್ಟಿ ಹರಿಯುತ್ತದೆ, ರಸ್ತೆ ಪಕ್ಕ ಬಬೂನ್‌ಗಳು ಕೂತಿರುತ್ತವೆ. ದಾರಿಯಲ್ಲಿ ರೋಲೆಕ್ಸ್ ತಿಂದೆವು. ವಾಚಲ್ಲ, ಚಪಾತಿಯಲ್ಲಿ ಸುತ್ತಿದ ಆಮ್ಲೆಟ್. ಸಂಜೆ ಕಿಟ್ಗುಮ್‌ನಲ್ಲಿ ಉಳಿದೆವು. "ಇನ್ನೂ ಬೆಳಕೈತಿ, ಹೋಗಿಬಿಡೂಣು" ಅಂದರು ಭಾವ. ಡ್ರೈವರ್ ನನ್ನ ಮುಖ ನೋಡಿದ. ನಾನು ಬೇಡ ಅಂದೆ.

ಮರುದಿನ ಎಂಟಕ್ಕೆ ಟ್ಯಾಂಕ್ ತುಂಬಿಸಿ ಹೊರಟೆವು. ದಾರಿಯಲ್ಲಿ ಸಿಗುವ ಓರೊಮ್ ಊರು ಇನ್ನೂ ಆರು ಕಿಲೋಮೀಟರ್ ಇರುವಾಗ ಹಿಂದಿನ ಎಡ ಟೈರ್ ಪಂಕ್ಚರ್. ಹಿಡಿಕೆ ಈಗ ಕೆಲಸಕ್ಕೆ ಬಂತು. ಆದರೆ ಸ್ಟೆಪ್ನಿ ಹಾಕಿ ಜಾಕ್ ಇಳಿಸಿದ್ದೇ ತಡ, ಸ್ಟೆಪ್ನಿಯೇ ಅರ್ಧಕ್ಕೆ ಕುಸಿದು ಕೂತಿತು. ಇಪ್ಪತ್ತರ ವೇಗದಲ್ಲಿ ತೆವಳಿಕೊಂಡು ಊರು ಮುಟ್ಟಿದೆವು. ಬೋಡಾ, ಅಂದರೆ ಬಾಡಿಗೆ ಬೈಕ್, ರಿಪೇರಿಯವನ ಹತ್ತಿರ ಕಾಲಲ್ಲಿ ಒತ್ತುವ ಪಂಪ್ ಇತ್ತು. ಬೈಕಿನ ಪಂಪ್, ಪ್ರಾಡೊ ಟೈರ್! ಹುಡುಗರು ಐವತ್ತೈವತ್ತು ಸಲ ಎಣಿಸಿ ಒಬ್ಬರಾದ ಮೇಲೊಬ್ಬರು ತುಳಿದರು. ಕೊನೆಗೆ ಭಾವನೂ ತುಳಿದರು, ಮೂವತ್ತಕ್ಕೇ ಸುಸ್ತಾದರು. ಪಂಕ್ಚರ್ ಆದ ಟೈರಿಗೂ ಪ್ಯಾಚ್ ಹಾಕಿಸಿಕೊಂಡು ಹೊರಡುವ ಹೊತ್ತಿಗೆ ಎರಡು ಗಂಟೆ ಹೋಗಿತ್ತು.

ಹಿಂದಿನ ಸಂಜೆಯೇ ಹೊರಟಿದ್ದರೆ ಆ ಎರಡು ಗಂಟೆ ಕತ್ತಲಲ್ಲಿ ಕಳೆಯಬೇಕಿತ್ತು. ಈಗ ಮಧ್ಯಾಹ್ನ ಮೂರಕ್ಕೆ ಅಪೋಕಾದಲ್ಲಿದ್ದೆವು. ಕೋಣೆ ಮುಂದೆ ಜೀಬ್ರಾ ಮೇಯುತ್ತಿತ್ತು. ಅಕ್ಕ ರೊಟ್ಟಿ ಗಂಟು ಬಿಚ್ಚಿದಳು. ಭಾವ ಚಹಾ ಕೇಳಿದರು.

ಅಪೋಕಾ ಮುಟ್ಟಿದ ಮರುದಿನ ಕಿಡೆಪೋ ನದಿಯ ಕಡೆ ಹೋದೆವು. ನದಿ ಅಂದರೆ ಬರೀ ಬಿಳಿ ಮರಳು, ದಂಡೆಗೆ ತಾಳೆ ಮರಗಳ ಸಾಲು. ಮರಳಲ್ಲಿ ಲೋ ಗೇರ್ ಹಾಕಿ ಗಾಡಿ ಡೀಸೆಲ್ ಕುಡಿದದ್ದು ನನ್ನ ಲೆಕ್ಕದಲ್ಲಿ ಇರಲಿಲ್ಲ. ವಾಪಸ್ ಬರುವಾಗ ಕಿಟ್ಗುಮ್ ಇನ್ನೂ ಮೂವತ್ತು ಕಿಲೋಮೀಟರ್ ಇರುವಾಗ ಕೆಂಪು ದೀಪ ಹತ್ತಿತು. ನೀರಿನ ಬಾಟಲಿ ಕೊಯ್ದು ಲಾಳಿಕೆ ಮಾಡಿ ಕ್ಯಾನ್ ಬಗ್ಗಿಸಿದೆವು. ಬಾಟಲಿ ಹಿಡಿದು ನಿಂತಿದ್ದ ಭಾವ ಕೇಳಿದರು: "ಇನ್ನೊಂದು ಕ್ಯಾನ್ ಯಾಕ ತರಲಿಲ್ಲಪಾ?"